ಸೋಮವಾರ ಬೆಳಿಗ್ಗೆ ಕೈಕೊಡುವ ಬಯೋಫಿಲ್ಟರ್: ಬೆಡ್ ಬದಲಿಸಬೇಕೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಬಣ್ಣ ಹೊಡೆದುಕೊಡುವ ಸಣ್ಣ ಘಟಕ ನಮ್ಮದು. ಪೇಂಟ್ ಬೂತಿನ ಗಾಳಿಗೆ ಒಂದೂವರೆ ವರ್ಷದ ಹಿಂದೆ ಬಯೋಫಿಲ್ಟರ್, ಅಂದರೆ ದ್ರಾವಕದ ಆವಿಯನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸುವ ಶೋಧಕ ಹಾಕಿಸಿದೆವು. ಗಂಟೆಗೆ 5,000 ಘನ ಮೀಟರ್ ಗಾಳಿ. ಮುಚ್ಚಿದ ಕೋಣೆಯೊಳಗೆ 50 ಚದರ ಮೀಟರ್ ಬೆಡ್, 1.2 ಮೀಟರ್ ಆಳ, ತೆಂಗಿನ ನಾರು ಮತ್ತು ಕಾಂಪೋಸ್ಟ್ ಮಿಶ್ರಣ. ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ನೀರಿನ ಸ್ಪ್ರೇ ಮೇಲಿದೆ. ಒಂದೇ ಪಾಳಿ, ಭಾನುವಾರ ಸೂಟಿ. ಬಣ್ಣ, ಥಿನ್ನರ್ ಎರಡೂ ಸೇರಿ ದಿನಕ್ಕೆ ಸುಮಾರು 12 ಲೀಟರ್ ದ್ರಾವಕ ಆವಿಯಾಗುತ್ತದೆ, ಹೆಚ್ಚಿನ ಪಾಲು ಟೊಲುಯೀನ್ ಮತ್ತು ಝೈಲೀನ್. ಮೊದಲ ಕೆಲವು ತಿಂಗಳು ವಾಸನೆಯೇ ಇರಲಿಲ್ಲ. ಈಗ ಸೋಮವಾರ ಬೆಳಿಗ್ಗೆ ಜೋರು ವಾಸನೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಬೇಸಿಗೆಯಲ್ಲಂತೂ ವಾರವಿಡೀ ಹೀಗೇ. ಬೆಡ್ ಪೂರ್ತಿ ಬದಲಿಸಿ ಬ್ಯಾಕ್ಟೀರಿಯಾ ಪುಡಿ ಹಾಕಬೇಕೆಂದು ಪೂರೈಕೆದಾರರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಬೆಡ್ ಬದಲಿಸಬೇಡಿ, ಪುಡಿಯನ್ನೂ ಕೊಳ್ಳಬೇಡಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮ ಬೆಡ್ಡಿನ ಸೂಕ್ಷ್ಮಜೀವಿಗಳು ಸತ್ತಿಲ್ಲ. ಸತ್ತಿದ್ದರೆ ಸೋಮವಾರ ಮಧ್ಯಾಹ್ನಕ್ಕೆ ವಾಸನೆ ಇಳಿಯುತ್ತಿರಲಿಲ್ಲ. ಅವಕ್ಕೆ ಸಿಗುವ ಆಹಾರ ಮತ್ತು ನೀರು ಎರಡೂ ಏರುಪೇರಾಗುತ್ತಿವೆ. ಅದನ್ನು ಸರಿಪಡಿಸದೆ ಹೊಸ ಬೆಡ್ ಹಾಕಿದರೆ ಇನ್ನು ಕೆಲವು ತಿಂಗಳಿಗೆ ನೀವು ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುತ್ತದೆ, ಆಗ ಖರ್ಚೂ ಎರಡು ಪಟ್ಟಾಗಿರುತ್ತದೆ.

ಮೊದಲು ನಿಮ್ಮ ಲೆಕ್ಕವನ್ನೇ ಮಾಡಿನೋಡೋಣ. 60 ಘನ ಮೀಟರ್ ಬೆಡ್ಡಿಗೆ ಗಂಟೆಗೆ 5,000 ಘನ ಮೀಟರ್ ಗಾಳಿ ಎಂದರೆ, ಬೆಡ್ ಖಾಲಿ ಇದೆಯೆಂದು ಎಣಿಸಿದಾಗ ಗಾಳಿ ಒಳಗಿರುವ ಸಮಯ 43 ಸೆಕೆಂಡು. ಇಂಥ ಕೆಲಸಕ್ಕೆ ಸಾಮಾನ್ಯವಾಗಿ 30ರಿಂದ 60 ಸೆಕೆಂಡು ಇಡುತ್ತಾರೆ, ಹಾಗಾಗಿ ಗಾತ್ರದಲ್ಲಿ ತಪ್ಪಿಲ್ಲ. 12 ಲೀಟರ್ ದ್ರಾವಕ ಸುಮಾರು 10 ಕಿಲೋ ತೂಗುತ್ತದೆ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 1.3 ಕಿಲೋ, ಅಂದರೆ ಬೆಡ್ಡಿನ ಪ್ರತಿ ಘನ ಮೀಟರಿಗೆ ಗಂಟೆಗೆ 22 ಗ್ರಾಂ. ಕಾಂಪೋಸ್ಟ್ ಬೆಡ್ ಚೆನ್ನಾಗಿದ್ದರೆ ಟೊಲುಯೀನನ್ನು ಗಂಟೆಗೆ 20ರಿಂದ 50 ಗ್ರಾಂವರೆಗೆ ಜೀರ್ಣಿಸಿಕೊಳ್ಳುತ್ತದೆ. ಸರಾಸರಿಯಲ್ಲಿ ನೀವು ಸುರಕ್ಷಿತ.

ಆದರೆ ಸೂಕ್ಷ್ಮಜೀವಿಗಳಿಗೆ ಸರಾಸರಿ ಗೊತ್ತಿಲ್ಲ. ನಿಮ್ಮ ಬೂತಿನಲ್ಲಿ ದ್ರಾವಕ ಎಂಟು ಗಂಟೆ ಸಮನಾಗಿ ಹಾರುವುದಿಲ್ಲ. ಬೆಳಿಗ್ಗೆ ಬಣ್ಣ ಕಲಸುವಾಗ, ದೊಡ್ಡ ಬ್ಯಾಚ್ ಹೊಡೆಯುವಾಗ, ಬಣ್ಣ ಬದಲಿಸುವ ಮುಂಚೆ ಸ್ಪ್ರೇ ಗನ್ನಿಗೆ ಥಿನ್ನರ್ ಹಾಕಿ ಬೂತಿನೊಳಗೇ ಚಿಮ್ಮಿಸಿ ತೊಳೆಯುವಾಗ ಒಂದೇ ಸಲಕ್ಕೆ ಸರಾಸರಿಯ ನಾಲ್ಕೈದು ಪಟ್ಟು ಬರುತ್ತದೆ. ಆ ಹತ್ತಿಪ್ಪತ್ತು ನಿಮಿಷ ಬೆಡ್ಡಿನ ಮೇಲಿನ ಹೊರೆ ಘನ ಮೀಟರಿಗೆ ಗಂಟೆಗೆ 100 ಗ್ರಾಂ ಆಸುಪಾಸಿಗೆ ಏರುತ್ತದೆ. ಜೀರ್ಣವಾಗದೆ ಉಳಿದದ್ದು ಚಿಮಣಿಯಿಂದ ಹಾಗೇ ಹೊರಗೆ ಹೋಗುತ್ತದೆ. ಪಕ್ಕದ ಮನೆಯವರ ಮೂಗಿಗೆ ತಟ್ಟುವುದು ಈ ಹತ್ತಿಪ್ಪತ್ತು ನಿಮಿಷವೇ.

ಸೋಮವಾರದ ಕಥೆ ಇದಕ್ಕೆ ಸೇರಿಕೊಂಡಿದೆ. ಟೊಲುಯೀನ್ ಒಡೆಯುವ ಕಿಣ್ವಗಳನ್ನು ಬ್ಯಾಕ್ಟೀರಿಯಾಗಳು ಸದಾ ತಯಾರಿಸಿಟ್ಟುಕೊಂಡು ಕೂರುವುದಿಲ್ಲ. ಸೂಡೋಮೊನಾಸ್ ಪುಟಿಡಾ ಎಂಬ ಹೆಸರುವಾಸಿ ಜೀವಿಯೂ ಅಷ್ಟೆ, ಟೊಲುಯೀನ್ ಬಂದಾಗ ಕಿಣ್ವ ತಯಾರಿಸುತ್ತದೆ, ನಿಂತಾಗ ಕೈಬಿಡುತ್ತದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಉಪವಾಸ ಬಿದ್ದ ಬೆಡ್ ಮತ್ತೆ ಪೂರ್ತಿ ಕೆಲಸಕ್ಕೆ ಬರಲು ಕೆಲವು ಗಂಟೆ ಬೇಕು. ಬ್ಲೋವರನ್ನೂ ನಿಲ್ಲಿಸಿದ್ದರೆ ಒದ್ದೆ ಜಾಗಗಳಲ್ಲಿ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯಂಥ ವಾಸನೆಯೂ ಹುಟ್ಟುತ್ತದೆ. ಅರ್ಧ ಎಚ್ಚರವಾದ ಇಂಥ ಬೆಡ್ಡಿನ ಮೇಲೆ ಸೋಮವಾರ ಬೆಳಿಗ್ಗೆ ನಿಮ್ಮ ಹುಡುಗರು ವಾರದ ಮೊದಲ ಬಣ್ಣ ಕಲಸುತ್ತಾರೆ.

ಆದ್ದರಿಂದ ಮೊದಲ ಕೆಲಸ ಬೂತಿನಲ್ಲೇ ಆಗಬೇಕು. ಗನ್ ತೊಳೆಯಲು ಮುಚ್ಚಳವಿರುವ ಗನ್ ವಾಷರ್ ಇಡಿ, ತೊಳೆದ ಥಿನ್ನರನ್ನು ಡಬ್ಬಿಯಲ್ಲೇ ಹಿಡಿದು ಮತ್ತೆ ತೊಳೆಯಲು ಬಳಸಿ. ಕಲಸುವ ಡಬ್ಬಿಗಳಿಗೆ ಮುಚ್ಚಳ ಹಾಕಿಸಿ. ಸೋಮವಾರದ ದೊಡ್ಡ ಬ್ಯಾಚನ್ನು ಮಧ್ಯಾಹ್ನಕ್ಕೆ ತಳ್ಳಿ. ಇದಕ್ಕೆ ಯಂತ್ರದ ಖರ್ಚು ಹೆಚ್ಚೇನಿಲ್ಲ, ಥಿನ್ನರ್ ಉಳಿಯುವುದು ಬೇರೆ ಲಾಭ. ಇದನ್ನು ಮಾಡದೆ ಫಿಲ್ಟರಿನ ಹಿಂದೆ ಬೀಳುವ ಕಾರ್ಖಾನೆಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಆ ಥಿನ್ನರ್ ಮೊದಲು ಹೋಗುವುದು ಬೂತಿನೊಳಗೆ ನಿಂತ ಹುಡುಗನ ಎದೆಗೆ.

ಎರಡನೆಯದು ರಾತ್ರಿ ಮತ್ತು ಸೂಟಿಯ ಗಾಳಿ. ಬ್ಲೋವರಿಗೆ ವೇಗ ಏರಿಳಿಸುವ ಸಾಧನ, ಅಂದರೆ ವಿಎಫ್‌ಡಿ ಇದ್ದರೆ ಪಾಳಿ ಮುಗಿದ ಮೇಲೆ ಅದನ್ನು ಪೂರ್ತಿ ಆರಿಸುವ ಬದಲು ಗಂಟೆಗೆ 500ರಿಂದ 700 ಘನ ಮೀಟರಿನಷ್ಟಕ್ಕೆ ಇಳಿಸಿ. ವಿಎಫ್‌ಡಿ ಇಲ್ಲದಿದ್ದರೆ ಪಕ್ಕಕ್ಕೊಂದು ಸಣ್ಣ ಬ್ಲೋವರ್ ಸಾಕು. ಆ ಗಾಳಿ ತೇವದಿಂದ ಕೂಡಿರಬೇಕು, ಒಣಗಾಳಿ ಬೀಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಗಣಪತಿ ಹಬ್ಬ, ಖಂಡೇನವಮಿ, ದೀಪಾವಳಿಗೆ ದಿನಗಟ್ಟಲೆ ಬೂತ್ ನಿಂತಾಗಲೂ ಇದು ನಡೆಯುತ್ತಿರಲಿ. ಒಂದೆರಡು ದಿನದ ಉಪವಾಸದಿಂದ ಬೆಡ್ ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ. ವಾರಗಟ್ಟಲೆ ನಿಂತರೆ ದಿನಗಳೇ ಬೇಕು, ಅಂಥ ಸಂದರ್ಭದಲ್ಲಿ ಕೆಲಸವನ್ನು ಒಮ್ಮೆಲೇ ಪೂರ್ತಿ ಏರಿಸಬೇಡಿ.

ಈಗ ನೀರಿನ ಮಾತು. ನಿಮ್ಮ ಬೇಸಿಗೆಯ ತೊಂದರೆಯ ಬೇರು ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬಯೋಫಿಲ್ಟರಿನಲ್ಲಿ ಗಾಳಿಯನ್ನು ಶುದ್ಧ ಮಾಡುವುದು ನಾರೂ ಅಲ್ಲ, ಗೊಬ್ಬರವೂ ಅಲ್ಲ. ಅವುಗಳ ಮೈಮೇಲಿನ ತೆಳುವಾದ ನೀರಿನ ಪದರದಲ್ಲಿ ಜೀವಿಗಳು ಬದುಕುತ್ತವೆ. ಆವಿ ಮೊದಲು ಆ ನೀರಿನಲ್ಲಿ ಕರಗಬೇಕು, ಆಮೇಲಷ್ಟೇ ಅವಕ್ಕೆ ಆಹಾರ. ಟೊಲುಯೀನ್ ನೀರಿನಲ್ಲಿ ಕರಗುವುದೇ ಕಡಿಮೆ, ಆ ಪದರವೂ ಆರಿಹೋದರೆ ಆವಿ ಬೆಡ್ಡನ್ನು ಹಾಗೇ ದಾಟಿಹೋಗುತ್ತದೆ. ಬೆಡ್ಡಿನ ಒಟ್ಟು ತೂಕದಲ್ಲಿ ನೀರಿನ ಪಾಲು ಶೇ 40ರಿಂದ 60 ಇರಬೇಕೆನ್ನುವುದು ಇದಕ್ಕಾಗಿ.

ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಬಿಸಿಲು, ಗಾಳಿಯ ತೇವಾಂಶ ಶೇ 30 ಎಂದುಕೊಳ್ಳಿ. ಆ ಗಾಳಿ ಒದ್ದೆ ಬೆಡ್ಡಿಗೆ ತಾಗಿದ ಕೂಡಲೇ ನೀರು ಹೀರಿಕೊಂಡು ಸುಮಾರು 22 ಡಿಗ್ರಿಗೆ ತಣಿಯುತ್ತದೆ. ಅಷ್ಟಕ್ಕೆ ಪ್ರತಿ ಘನ ಮೀಟರ್ ಗಾಳಿ 7 ಗ್ರಾಂ ನೀರು ಒಯ್ಯುತ್ತದೆ. 5,000 ಘನ ಮೀಟರಿಗೆ ಗಂಟೆಗೆ 35 ಲೀಟರ್, ಪಾಳಿಗೆ 280 ಲೀಟರ್. ಇಡೀ ಬೆಡ್ಡಿನಲ್ಲಿ ಸಾವಿರಾರು ಲೀಟರ್ ನೀರಿದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಗಾಳಿ ಅದನ್ನು ಎಲ್ಲ ಕಡೆಯಿಂದ ಸಮನಾಗಿ ಒಯ್ಯುವುದಿಲ್ಲ, ಮೊದಲು ತಾಗಿದ ಪದರದಿಂದಲೇ ಕಿತ್ತುಕೊಳ್ಳುತ್ತದೆ. ನಿಮ್ಮ ಬೆಡ್ಡಿನ ಕೆಳಗಿನ 10 ಸೆಂಟಿಮೀಟರಿನಲ್ಲಿ ಇರುವುದು ಹೆಚ್ಚೆಂದರೆ 1,250 ಲೀಟರ್. ಐದು ಪಾಳಿಯೊಳಗೆ ಅದು ಪುಡಿಪುಡಿ. ಆಮೇಲೆ ಅದರ ಮೇಲಿನ ಪದರದ ಸರದಿ.

ಇದರ ಜೊತೆಗೆ ಜೀವಿಗಳ ಬಿಸಿಯೂ ಇದೆ. ಒಂದು ಗ್ರಾಂ ಟೊಲುಯೀನ್ ಜೀರ್ಣವಾದಾಗ ಸುಮಾರು 40 ಕಿಲೋಜೌಲ್ ಶಾಖ ಹುಟ್ಟುತ್ತದೆ. ನಿಮ್ಮ ಹೊರೆಗೆ ಅದು ಗಂಟೆಗೆ ಇನ್ನೂ 15 ಲೀಟರಿನಷ್ಟು ನೀರನ್ನು ಆವಿ ಮಾಡಬಲ್ಲದು. ಒಳಬರುವ ಗಾಳಿಗೆ ಪೂರ್ತಿ ತೇವ ಕೊಟ್ಟರೂ ಬೆಡ್ ನಿಧಾನವಾಗಿ ಒಣಗುವುದು ಇದೇ ಕಾರಣಕ್ಕೆ.

ಈಗ ನಿಮ್ಮ ವಿನ್ಯಾಸವನ್ನು ನೋಡಿ. ಗಾಳಿ ಒಳಬರುವುದು ಕೆಳಗೆ, ಒಣಗುವುದು ಕೆಳಗೆ, ನೀರು ಬೀಳುವುದು ಮೇಲೆ. ಮೇಲಿನ ನೀರು 1.2 ಮೀಟರ್ ಇಳಿದು ತಳಕ್ಕೆ ಮುಟ್ಟುವ ಹೊತ್ತಿಗೆ ಮೇಲ್ಭಾಗ ಕೆಸರಾಗಿರುತ್ತದೆ. ಒಮ್ಮೆ ಪೂರ್ತಿ ಒಣಗಿದ ಕಾಂಪೋಸ್ಟ್ ನೀರನ್ನು ಹೀರಿಕೊಳ್ಳುವುದೂ ಇಲ್ಲ, ಬಿರುಕುಗಳಲ್ಲಿ ನೀರು ಜಾರಿ ಕೆಳಗೆ ಹೋಗುತ್ತದೆ. ಅದೇ ಬಿರುಕಿನಲ್ಲಿ ಗಾಳಿಯೂ ದಾರಿ ಮಾಡಿಕೊಂಡು ಮೇಲೆ ಬರುತ್ತದೆ. ತಳ ಒಣಗಿ, ಮೇಲೆ ಉಸಿರುಗಟ್ಟಿ, ನಡುವಿನ ಒಂದಿಷ್ಟು ಭಾಗ ಮಾತ್ರ ಕೆಲಸ ಮಾಡುತ್ತಿದೆ ಎಂಬುದು ನನ್ನ ಅಂದಾಜು.

ನಿಮ್ಮ ಕೋಣೆ ಮುಚ್ಚಿದ್ದಾದ್ದರಿಂದ ಒಂದು ಬದಲಾವಣೆ ಸಾಧ್ಯ. ಡಕ್ಟನ್ನು ತಿರುಗಿಸಿ ಗಾಳಿಯನ್ನು ಮೇಲಿನಿಂದ ಬಿಡಿ, ಕೆಳಗಿನಿಂದ ಹೊರತೆಗೆದು ಚಿಮಣಿಗೆ ಕೊಡಿ. ಆಗ ಒಣಗುವ ಪದರ ಸ್ಪ್ರೇ ನಾಝಲ್‌ಗಳ ಕೆಳಗೇ ಬರುತ್ತದೆ, ಕಣ್ಣಿಗೂ ಕಾಣುತ್ತದೆ. ನೀರೂ ಗಾಳಿಯೂ ಒಂದೇ ದಿಕ್ಕಿಗೆ ಹೋಗುವುದರಿಂದ ಬಸಿನೀರೂ ಸರಾಗವಾಗಿ ಇಳಿಯುತ್ತದೆ. ನನ್ನ ಕೈಗೆ ಒಂದೇ ಒಂದು ರಿಪೇರಿಗೆ ಹಣ ಕೊಟ್ಟರೆ ನಾನು ಇದನ್ನೇ ಮಾಡಿಸುವೆ.

ಜೊತೆಗೆ ಬೆಡ್ಡಿಗೆ ಮುಂಚೆ ಗಾಳಿಗೆ ತೇವ ಕೊಡುವ ಒಂದು ಸಣ್ಣ ಗೋಪುರ ಬೇಕು: ಪ್ಲಾಸ್ಟಿಕ್ ಪ್ಯಾಕಿಂಗ್, ಮೇಲಿನಿಂದ ನೀರು, ಕೆಳಗೆ ತೊಟ್ಟಿ, ಒಂದು ಪಂಪು. ಆ 35 ಲೀಟರನ್ನು ಬೆಡ್ ಕೊಡುವ ಬದಲು ಗೋಪುರ ಕೊಡಲಿ. ಬೆಡ್ಡಿನ ಸ್ವಂತ ಬಿಸಿಗೆ ಗಂಟೆಗೆ 15 ಲೀಟರಿನಂತೆ ಪಾಳಿಗೆ ಹೋಗುವ 120 ಲೀಟರನ್ನು ಮೇಲಿನ ಸ್ಪ್ರೇ ದಿನದಲ್ಲಿ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವಾಗಿ ತುಂಬಲಿ. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ, ಅವುಗಳ ಕಡೆ ವಾರಕ್ಕೊಮ್ಮೆ ಕಣ್ಣಿರಲಿ.

ಜೂನ್ ಬಂತೆಂದರೆ ಲೆಕ್ಕವೇ ತಿರುಗುತ್ತದೆ. ಬೆಳಗಾವಿಯ ಜಿಟಿಜಿಟಿ ಮಳೆಯ ದಿನಗಳಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಏಪ್ರಿಲ್‌ನ ಟೈಮರನ್ನೇ ಜುಲೈಯಲ್ಲೂ ಓಡಿಸಿದರೆ ಬೆಡ್ ಜವುಗಾಗುತ್ತದೆ. ವಿಜಯಪುರ ಅಥವಾ ಬಾಗಲಕೋಟೆಯಲ್ಲಿ ಇದೇ ಘಟಕವಿದ್ದಿದ್ದರೆ ಒಣಗುವ ತಿಂಗಳುಗಳು ಇನ್ನೂ ಹೆಚ್ಚು, ಗೋಪುರವಿಲ್ಲದೆ ಬಯೋಫಿಲ್ಟರ್ ಹಾಕಲೇಬೇಡಿ ಎನ್ನುತ್ತಿದ್ದೆ.

ತೇವ ಅಳೆಯಲು ದುಬಾರಿ ಉಪಕರಣ ಬೇಡ. ಮೂರು ಆಳದಿಂದ 100 ಗ್ರಾಂ ಮಾದರಿ ತೆಗೆದು 105 ಡಿಗ್ರಿ ಓವನ್ನಿನಲ್ಲಿ ಒಂದು ದಿನ ಒಣಗಿಸಿ ತೂಗಿ. 50 ಗ್ರಾಂ ಉಳಿದರೆ ತೇವ ಶೇ 50. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಪ್ರಯೋಗಾಲಯದಲ್ಲಿ ಈ ಓವನ್ ಇದ್ದೇ ಇರುತ್ತದೆ, ಉದ್ಯಮಬಾಗದಲ್ಲೇ ಗೋಗಟೆ ಕಾಲೇಜಿದೆ, ಕೇಳಿನೋಡಿ. ನಡುವೆ ಕೈ ಅಂದಾಜು ಬೇಕಾದರೆ ಹಿಡಿ ತುಂಬ ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಹೆಚ್ಚು, ಅಂಗೈ ಒಣಗಿದ್ದರೆ ಕಡಿಮೆ.

ಇನ್ನೊಂದು ಅಳತೆ ಬೆಡ್ಡಿನ ಒತ್ತಡದ ಇಳಿಕೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಬೆಡ್ಡಿನ ಎರಡೂ ಬದಿಗೆ ಜೋಡಿಸಿದರೆ ಮ್ಯಾನೋಮೀಟರ್ ಸಿದ್ಧ. ಬೆಡ್ ಚೆನ್ನಾಗಿದ್ದಾಗಿನ ಅಂಕಿ ನಿಮ್ಮ ಪೂರೈಕೆದಾರರ ದಾಖಲೆಯಲ್ಲಿರಬೇಕು, ಕೇಳಿ ಪಡೆಯಿರಿ. ವಾಸನೆಯಿದ್ದು ಒತ್ತಡ ಏರಿದ್ದರೆ ಬೆಡ್ ಕುಸಿದಿದೆ ಅಥವಾ ನೀರು ನಿಂತಿದೆ. ವಾಸನೆಯಿದ್ದು ಒತ್ತಡ ಇಳಿದಿದ್ದರೆ ಒಣಗಿ ಬಿರುಕು ಬಿಟ್ಟಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ನೀರು ಹೆಚ್ಚಿಸುವುದು ಕುರುಡು ಚಿಕಿತ್ಸೆ. ಬೆಡ್ಡಿನ ನಡುವೆ ಒಂದು ಥರ್ಮಾಮೀಟರನ್ನೂ ತೂರಿಸಿಡಿ. ತೇವ ತುಂಬಿ ಒಳಬರುವ ಗಾಳಿಗಿಂತ ಅಲ್ಲಿ ಎರಡು ಮೂರು ಡಿಗ್ರಿ ಬಿಸಿಯಿದ್ದರೆ ಜೀವಿಗಳು ಕೆಲಸದಲ್ಲಿವೆ.

ಇಷ್ಟೆಲ್ಲ ಮಾಡಿದ ಮೇಲೂ ಬಣ್ಣದ ಬ್ಯಾಚಿನ ಏರಿಳಿತದಿಂದ ವಾಸನೆ ತಪ್ಪಿಸಿಕೊಳ್ಳುತ್ತಿದ್ದರೆ ಸಕ್ರಿಯ ಇಂಗಾಲದ ಒಂದು ಪದರವನ್ನು ಬೆಡ್ಡಿಗೆ ಮುಂಚೆ ಇಡಿ. ಇಲ್ಲಿ ಇಂಗಾಲದ ಕೆಲಸ ಆವಿಯನ್ನು ಶಾಶ್ವತವಾಗಿ ಹಿಡಿದಿಡುವುದಲ್ಲ. ಮಳೆಗಾಲದ ಘಟಪ್ರಭೆಯನ್ನು ಹಿಡಕಲ್ ಜಲಾಶಯ ತಡೆದು ಕಾಲುವೆಗೆ ಅಳತೆಯಲ್ಲಿ ಬಿಡುವ ಹಾಗೆ, ಗನ್ ತೊಳೆಯುವಾಗ ಬಂದ ಆವಿಯ ಅಲೆಯನ್ನು ಹಿಡಿದು, ಗಾಳಿ ಸ್ವಚ್ಛವಾದಾಗ ಅದೇ ಆವಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ರಾತ್ರಿ ಬೀಸುವ ಸಣ್ಣ ಗಾಳಿ ಇಂಗಾಲದಿಂದ ಟೊಲುಯೀನ್ ಬಿಡಿಸಿ ಬೆಡ್ಡಿಗೆ ಊಟ ಒಯ್ಯುತ್ತದೆ. ಭಾನುವಾರದ ಉಪವಾಸವೂ ತಪ್ಪುತ್ತದೆ, ಸೋಮವಾರದ ಮಂಪರೂ. ಹಗಲಿನ ಹೊರೆಯ ಒಂದು ಪಾಲು ರಾತ್ರಿಗೆ ಹಂಚಿಹೋಗುವುದರಿಂದ ಇದೇ ಬೆಡ್ ಹೆಚ್ಚು ಕೆಲಸ ಮಾಡಿದಂತಾಗುತ್ತದೆ. ಜೈವಿಕ ಫಿಲ್ಟರನ್ನು ಸ್ಥಿರಗೊಳಿಸುವ ಉಪಾಯಗಳಲ್ಲಿ ನನಗೆ ಅತ್ಯಂತ ಮೆಚ್ಚಿನದು ಇದು.

ನಿಮ್ಮ ಗಾಳಿಗೆ ಒಂದು ಸೆಕೆಂಡಿನ ತಂಗುವಿಕೆ ಕೊಡಲು 1.4 ಘನ ಮೀಟರ್, ಅಂದರೆ 600ರಿಂದ 700 ಕಿಲೋ ಹರಳು ಇಂಗಾಲ ಬೇಕಾಗುತ್ತದೆ. ಅದನ್ನು ತೇವದ ಗೋಪುರಕ್ಕಿಂತ ಮುಂಚೆ, ಒಣಗಾಳಿಯ ಕಡೆ ಇಡಬೇಕು. ತೇವಾಂಶ ಶೇ 60–70 ದಾಟಿದರೆ ಇಂಗಾಲದ ರಂಧ್ರಗಳನ್ನು ನೀರೇ ತುಂಬಿಕೊಳ್ಳುತ್ತದೆ, ಮಳೆಗಾಲದಲ್ಲಿ ಅದರ ಹಿಡಿತ ತಗ್ಗುವುದನ್ನು ನಿರೀಕ್ಷಿಸಿ. ಅದಕ್ಕೂ ಮುಂಚೆ ಬಣ್ಣದ ತುಂತುರು ಹಿಡಿಯುವ ಫಿಲ್ಟರ್ ಕಡ್ಡಾಯ, ಇಲ್ಲದಿದ್ದರೆ ಇಂಗಾಲ ಬಣ್ಣ ಬಳಿದ ಕಲ್ಲಾಗುತ್ತದೆ. ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಥಿನ್ನರಿನಲ್ಲಿ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಅಥವಾ ಸೈಕ್ಲೋಹೆಕ್ಸನೋನ್‌ನಂಥ ಕೀಟೋನ್‌ಗಳಿದ್ದರೆ ಅವು ಇಂಗಾಲದ ಮೇಲೆ ಬಿಸಿ ಹುಟ್ಟಿಸಿ ಬೆಂಕಿಗೆ ಕಾರಣವಾಗಬಹುದು. ಥಿನ್ನರ್ ಡಬ್ಬಿಯ ಸುರಕ್ಷತಾ ಪತ್ರ ಓದಿ ಕೀಟೋನ್ ಇದೆಯೇ ನೋಡಿ, ಇಂಗಾಲದ ಪದರಕ್ಕೆ ಉಷ್ಣತೆಯ ಅಲಾರಂ ಮತ್ತು ನೀರು ಸುರಿಯುವ ಕೊಳವೆ ಇಡಿಸಿ.

ಬೆಡ್ಡಿನ ಸಾಮಗ್ರಿಯ ಬಗ್ಗೆ. ಒಂದೂವರೆ ವರ್ಷಕ್ಕೆ ಕಾಂಪೋಸ್ಟ್ ಬೆಡ್ ಮುಗಿಯಬಾರದು. ಮೇಲೆ ಹೇಳಿದ ಕೆಲಸಗಳ ನಡುವೆ ಒಮ್ಮೆ ಎಲ್ಲವನ್ನೂ ಹೊರತೆಗೆದು ಗಟ್ಟಿಗಳನ್ನು ಒಡೆದು, ಒಣಗಿದ್ದನ್ನು ನೀರಿನಲ್ಲಿ ನೆನೆಸಿ, ದಪ್ಪ ಮರದ ಚೂರು ಬೆರೆಸಿ ಮತ್ತೆ ತುಂಬಿ. ಹುಡಿಯಾದದ್ದನ್ನು ಮಾತ್ರ ಬಿಸಾಡಿ. ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳ ಬಗಾಸ್ ಸುಲಭವಾಗಿ ಸಿಗುವುದರಿಂದ ಅದನ್ನೇ ತುಂಬಿದರೆ ಹೇಗೆಂದು ಹಲವರು ಕೇಳುತ್ತಾರೆ. ಬೇಡ. ಉಳಿದ ಸಕ್ಕರೆಯಂಶಕ್ಕೆ ಬೂಷ್ಟು ಮುತ್ತಿಕೊಳ್ಳುತ್ತದೆ, ಬೇಗ ಕೊಳೆತು ಬೆಡ್ ಕುಸಿಯುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಹೆಚ್ಚಿರುವುದರಿಂದ ಅದು ಬಾಳುತ್ತದೆ.

ಇನ್ನು ಬ್ಯಾಕ್ಟೀರಿಯಾ ಪುಡಿ. ನಿಮ್ಮ ಬೆಡ್ಡಿನಲ್ಲಿ ಒಂದೂವರೆ ವರ್ಷ ಟೊಲುಯೀನ್ ತಿಂದು ಬೆಳೆದ ಜೀವಿಗಳೇ ಈ ಕೆಲಸಕ್ಕೆ ಎಲ್ಲಕ್ಕಿಂತ ಪಳಗಿದವು. ಹೊರಗಿನಿಂದ ಬಂದವು ಅವುಗಳೊಂದಿಗೆ ಸೆಣಸಿ ಉಳಿಯುವುದು ಅಪರೂಪ. ಮುಂದೊಂದು ದಿನ ಬೆಡ್ ಬದಲಿಸಲೇಬೇಕಾಗಿ ಬಂದರೂ ಹಳೆಯದರ ಮೂರರಲ್ಲೊಂದು ಭಾಗವನ್ನು ಹೊಸದರಲ್ಲಿ ಬೆರೆಸಿ, ಅದೇ ಹೆಪ್ಪು. ಜೀವಿಗಳಿಗೆ ನಿಜವಾಗಿ ಕೊರತೆಯಾಗಬಹುದಾದದ್ದು ಸಾರಜನಕ ಮತ್ತು ರಂಜಕ. ಟೊಲುಯೀನಿನಲ್ಲಿ ಎರಡೂ ಇಲ್ಲ, ಕಾಂಪೋಸ್ಟಿನಲ್ಲಿದ್ದದ್ದು ಕಾಲಕ್ರಮದಲ್ಲಿ ಸವೆಯುತ್ತದೆ. ಸ್ಪ್ರೇ ನೀರಿನಲ್ಲಿ ತೆಳುವಾಗಿ ಡಿಎಪಿ ಗೊಬ್ಬರ ಕರಗಿಸಿ ವಾರಕ್ಕೊಮ್ಮೆ ಕೊಟ್ಟು ಪರಿಣಾಮ ನೋಡಿ. ಅತಿಯಾದರೆ ಲೋಳೆ ಬೆಳೆದು ಗಾಳಿಯ ದಾರಿ ಕಟ್ಟುತ್ತದೆ, ಡಿಎಪಿಯ ಅಮೋನಿಯಂ ಅಂಶವು ನೈಟ್ರೇಟಾಗಿ ಮಾರ್ಪಡುತ್ತ ಬೆಡ್ ಹುಳಿಯಾಗುತ್ತದೆ. ಬಸಿನೀರಿನ ಪಿಎಚ್ 6.5ರಿಂದ 7.5ರ ನಡುವೆ ಇರಲಿ, ಇಳಿಯುತ್ತಿದ್ದರೆ ಸುಣ್ಣದ ಕಲ್ಲಿನ ಪುಡಿ ಬೆರೆಸಿ.

ನೀವು ಕೇಳದಿದ್ದರೂ ಒಂದು ಮಾತು. ಉದ್ಯಮಬಾಗದಲ್ಲಿ ಒಂದೇ ಆವರಣದಲ್ಲಿ ಫೌಂಡ್ರಿಯೂ ಪೇಂಟ್ ಬೂತೂ ಇರುವುದುಂಟು. ಎರಕದೊಳಗಿನ ಟೊಳ್ಳಿಗೆ ಮರಳಿನ ಕೋರ್ ಮಾಡುವ ಕೋರ್ ಶಾಪಿನ ಡಕ್ಟನ್ನೂ ಇದಕ್ಕೇ ಸೇರಿಸಿಬಿಡೋಣ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಕೋಲ್ಡ್ ಬಾಕ್ಸ್ ಕೋರಿನಿಂದ ಬರುವ ಟ್ರೈಈಥೈಲ್ ಅಮೀನ್‌ಗೆ ಗಾಳಿಯನ್ನು ಆಮ್ಲದ ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್ ಬೇಕು. ಶೆಲ್ ಕೋರಿನ ಫೀನಾಲ್, ಫಾರ್ಮಾಲ್ಡಿಹೈಡ್ ಒಮ್ಮೆಲೇ ನುಗ್ಗಿದರೆ ನಿಮ್ಮ ಜೀವಿಗಳಿಗೆ ವಿಷ. ಮರಳಿನ ಧೂಳು ಬೆಡ್ಡನ್ನು ಕಟ್ಟಿಹಾಕುತ್ತದೆ. ಗ್ರೀಸ್ ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸುತ್ತಿದ್ದರೆ ಅದರ ಗಾಳಿಯನ್ನೂ ದೂರವಿಡಿ, ಈ ಬೆಡ್ ಅದನ್ನು ಸರಿಯಾಗಿ ಜೀರ್ಣಿಸಲಾರದು.

ಬೂತಿನ ಅಭ್ಯಾಸ ಮತ್ತು ರಾತ್ರಿಯ ಗಾಳಿಯನ್ನು ಈ ವಾರವೇ ಶುರುಮಾಡಿ. ಆಮೇಲೆ ಗಾಳಿಯ ದಿಕ್ಕು, ತೇವದ ಗೋಪುರ. ಇಂಗಾಲ ಕೊನೆಗೆ. ಒಂದೊಂದು ಬದಲಾವಣೆಗೂ ಎರಡು ಮೂರು ವಾರ ಬಿಟ್ಟು, ಗಾಳಿಯಲ್ಲಿನ ದ್ರಾವಕದ ಆವಿ ಅಳೆಯುವ, ಬಾಡಿಗೆಗೆ ಸಿಗುವ ಪಿಐಡಿ ಮೀಟರಿನಿಂದ ಬೆಡ್ಡಿನ ಮುಂಚೆ, ನಡುವೆ, ಆಮೇಲೆ ಅಳೆದು ಬರೆದಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದಾಗಲೂ ಪೂರೈಕೆದಾರರು ಮತ್ತೆ ಪುಡಿ ತಂದಾಗಲೂ ಆ ಪುಸ್ತಕವನ್ನೇ ಮುಂದಿಡಿ. ತೇವ, ಒತ್ತಡ, ಪಿಎಚ್ ಮೂರೂ ಸರಿಯಿದ್ದು, ಸರಾಸರಿ ಹೊರೆಯಲ್ಲೂ ಅರ್ಧಕ್ಕಿಂತ ಹೆಚ್ಚು ಆವಿ ದಾಟಿಹೋಗುತ್ತಿದ್ದರೆ ಮಾತ್ರ ಬೆಡ್ ಬದಲಿಸುವ ಮಾತಾಡೋಣ, ಆಗ ಆ ಅಂಕಿಗಳನ್ನು ಕಳಿಸಿ.